ನಳ ಬಂತೆಂದು ಯಾರೂ ಕೂಗದ ಊರು

ಮ್ಯೂನಿಕ್‌ನ ಹೋಟೆಲಿನಲ್ಲಿ ಕೂತರೆ ನೀರು ತಾನಾಗಿ ಬರುವುದಿಲ್ಲ. ನಮ್ಮ ವಿಜಯಪುರದ ಕಡೆಯಿಂದ ಹೊಸದಾಗಿ ಬಂದ ಮನೆಮಂದಿ ಐದು ನಿಮಿಷ ಕಾಯುತ್ತಾರೆ, ಹತ್ತು ನಿಮಿಷ ಕಾಯುತ್ತಾರೆ, ಕಡೆಗೆ ಬಾಯಿ ಬಿಟ್ಟು ಕೇಳುತ್ತಾರೆ. ಕೇಳಿದರೆ ಗ್ಯಾಸ್ ಇರುವುದೋ ಇಲ್ಲದ್ದೋ ಎಂಬ ಮರುಪ್ರಶ್ನೆ. ಬಾಟಲಿ ಬರುತ್ತದೆ, ಊಟ ಮುಗಿದ ಮೇಲೆ ಬಿಲ್ಲಿನಲ್ಲಿ ಅದಕ್ಕೂ ಒಂದು ಸಾಲು ಇರುತ್ತದೆ. ಬಸವನ ಬಾಗೇವಾಡಿಯಿಂದಲೋ ಇಂಡಿಯಿಂದಲೋ ಮಗನ ಮನೆಗೆ ಬಂದ ತಾಯಂದಿರ ಬಾಯಲ್ಲಿ ಆಗ ಬರುವುದು ಒಂದೇ ಮಾತು: 'ನೀರಿಗೂ ರೊಕ್ಕೇನಪಾ? ನಮ್ಮಲ್ಲಿ ಖಾನಾವಳ್ಯಾಗ ಕುಂಡ್ರೂದರಾಗ ಚರಿಗಿ ತಂದ ಇಡತಾರ.'

ಇದಕ್ಕೆ ಅಲ್ಲೊಂದು ಕಾನೂನೂ ಇದೆ. ಮದ್ಯ ಮಾರುವ ಹೋಟೆಲಿನಲ್ಲಿ ಮದ್ಯವಲ್ಲದ ಪಾನೀಯವೊಂದಾದರೂ ಅತಿ ಅಗ್ಗದ ಮದ್ಯಕ್ಕಿಂತ ದುಬಾರಿ ಇರಕೂಡದು ಎಂದು ಜರ್ಮನಿಯ ಹೋಟೆಲು ಕಾಯಿದೆ ಹೇಳುತ್ತದೆ. ಬಿಯರಿಗಿಂತ ನೀರು ತುಟ್ಟಿಯಾದೀತು ಎಂಬ ಭಯಕ್ಕೆ ಕಾಯಿದೆ ಬರೆದ ದೇಶ ಅದು. ತಮಾಷೆಯೆಂದರೆ ಅದೇ ಹೋಟೆಲಿನ ಅಡುಗೆಮನೆಯ ನಳದಲ್ಲಿ ಬರುವ ನೀರನ್ನು ಬಾಟಲಿಯ ನೀರಿಗಿಂತ ಕಡಿಮೆಯೆಂದು ಯಾರೂ ಹೇಳಲಾರರು. ಅದರಲ್ಲಿ ಬಹುಪಾಲು ಊರಿನ ಆಗ್ನೇಯಕ್ಕೆ ಸುಮಾರು 40 ಕಿಲೋಮೀಟರು ದೂರದ ಮಾಂಗ್‌ಫಾಲ್ ಕಣಿವೆಯಿಂದ, ಆಲ್ಪ್ಸ್ ಬೆಟ್ಟದ ಬುಡದಿಂದ, ಪಂಪಿನ ಹಂಗಿಲ್ಲದೆ ಇಳಿಜಾರಿನಲ್ಲೇ ಹರಿದು ಬರುವ ನೀರದು. 1883ರಿಂದ ಬರುತ್ತಿದೆ. ನಳಕ್ಕೆ ಬಾಯಿ ಹಚ್ಚಿ ಕುಡಿಯಬಹುದು. ಫಿಲ್ಟರು ಬೇಡ, ಆರ್‌ಓ ಬೇಡ, ಕಾಯಿಸಿ ಆರಿಸುವುದೂ ಬೇಡ.

ಹೋಟೆಲಿನ ಈ ಜಿಪುಣತನವನ್ನು ಕ್ಷಮಿಸಬಹುದು. ಕ್ಷಮಿಸಲಾಗದ್ದು, ಅಲ್ಲಿನ ಮನೆಯೊಳಗೆ ನೀರು ನಡೆದುಕೊಳ್ಳುವ ರೀತಿ ಕಂಡಾಗ ನಮ್ಮೂರ ಮೇಲೆ ಬರುವ ಸಿಟ್ಟು.

ಮನೆಯ ಕೀಲಿ ಕೈಗೆ ಸಿಕ್ಕ ಮೊದಲ ವಾರ ನಮ್ಮವರು ಕೊಳ್ಳುವ ಸಾಮಾನಿನಲ್ಲಿ ಬಕೀಟು ತಪ್ಪುವುದಿಲ್ಲ. ಒಂದು ಸ್ನಾನಕ್ಕೆ, ಒಂದು ಅರಿವೆಗೆ, ಒಂದು 'ಇರ್ಲಿ' ಎಂದು. ರಾತ್ರಿ ಮಲಗುವ ಮುಂಚೆ ಮೂರನ್ನೂ ತುಂಬಿಡುತ್ತಾರೆ, ಅಡುಗೆಮನೆಯಲ್ಲಿ ದೊಡ್ಡ ಪಾತ್ರೆಯೊಂದನ್ನು ಮುಚ್ಚಿಡುತ್ತಾರೆ. ಸಂಪು, ಮಾಳಿಗೆಯ ಮೇಲೆ ಸಿಂಟೆಕ್ಸ್, ಬಚ್ಚಲಲ್ಲಿ ಬ್ಯಾರಲ್ಲು, ಒಳಗೆ ತಾಮ್ರದ ಕೊಡ, ಇಷ್ಟೂ ತುಂಬಿದ ಮೇಲೆಯೇ ನಿದ್ದೆ ಬರುವ ಮಂದಿಗೆ ಇನ್ನೇನು ಮಾಡಲು ಬರುತ್ತದೆ? ತಿಂಗಳೊಪ್ಪತ್ತಿನಲ್ಲಿ ಬಕೀಟುಗಳಲ್ಲಿ ಈರುಳ್ಳಿ, ಮಕ್ಕಳ ಆಟಿಕೆ ತುಂಬಿಕೊಳ್ಳುತ್ತವೆ. ನಳ ನಿಲ್ಲುವುದೇ ಇಲ್ಲ. ನಿಂತರೆ ಎರಡು ದಿನ ಮೊದಲೇ ಮೆಟ್ಟಿಲ ಬಳಿ ಚೀಟಿ ಅಂಟಿಸಿರುತ್ತಾರೆ, ಇಂಥ ದಿನ ಇಷ್ಟರಿಂದ ಇಷ್ಟು ಗಂಟೆ ಎಂದು, ಹೇಳಿದ ಹೊತ್ತಿಗೆ ತಿರುಗಿ ಬರುತ್ತದೆ.

ಅಲ್ಲಿಯವರ ಎಣಿಕೆಯಲ್ಲಿ ತುಂಬಿಟ್ಟ ನೀರೇ ಕೆಟ್ಟ ನೀರು. ಪೈಪಿನೊಳಗೆ ನಾಲ್ಕು ಗಂಟೆಗಿಂತ ಹೆಚ್ಚು ನಿಂತ ನೀರನ್ನು ಕುಡಿಯಬೇಡಿ, ತಣ್ಣಗೆ ಬರುವ ತನಕ ಒಂದಿಷ್ಟು ಬಿಟ್ಟು ಆಮೇಲೆ ಹಿಡಿಯಿರಿ ಎಂದು ಅಲ್ಲಿನ ಪರಿಸರ ಇಲಾಖೆ ಹೇಳುತ್ತದೆ. ಲೋಹದ ಪೈಪು, ಜೋಡಣೆಗಳಿಂದ ಸೀಸ, ನಿಕ್ಕಲ್ ನೀರಿಗೆ ಇಳಿಯುತ್ತವೆಂಬುದು ಕಾರಣ. ಬಿಸಿನೀರಿನದು ಬೇರೆ ಕತೆ. ಬಾಯ್ಲರಿನಲ್ಲಿ 60 ಡಿಗ್ರಿ ಇಡಬೇಕು, ಸುತ್ತುವ ಪೈಪಿನಲ್ಲೂ 55ಕ್ಕಿಂತ ಇಳಿಯಬಾರದು, ಇಳಿದರೆ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಎರಡು ವಾರ ಊರಿಗೆ ಹೋಗಿ ಬಂದವರು ಶವರನ್ನು ಸೀದಾ ತಲೆಯ ಮೇಲೆ ಬಿಟ್ಟುಕೊಳ್ಳಬಾರದು. ಕಿಟಕಿ ತೆರೆದು, ಶವರಿನ ಬಾಯಿಯನ್ನು ಟಬ್ಬಿನ ತಳಕ್ಕೆ ಇಳಿಸಿ, ಹನಿ ಸಿಡಿಯದಂತೆ ಮೊದಲು ಬಿಸಿನೀರು, ಆಮೇಲೆ ತಣ್ಣೀರು ಕೆಲವು ನಿಮಿಷ ಹರಿಯಬಿಡಬೇಕು. ಆ ಬ್ಯಾಕ್ಟೀರಿಯಾ ಹೊಟ್ಟೆಗಲ್ಲ, ಪುಪ್ಪುಸಕ್ಕೆ ಹೋಗುವಂಥದ್ದು.

ಬಚ್ಚಲಿನ ವಿಷಯಕ್ಕೆ ಬರೋಣ, ನಮ್ಮವರು ಸೋಲುವುದೇ ಅಲ್ಲಿ.

ಅಲ್ಲಿನ ಹಳೆಯ ಬಾಡಿಗೆ ಮನೆಗಳ ಬಚ್ಚಲ ನೆಲದಲ್ಲಿ ನೀರು ಹೋಗುವ ತೂತೇ ಇರುವುದಿಲ್ಲ. ಟಬ್ಬಿಗೆ ಒಂದು, ಬೇಸಿನ್ನಿಗೆ ಒಂದು, ಸಂಡಾಸಕ್ಕೆ ಒಂದು ದಾರಿ, ಮುಗಿಯಿತು. ನೆಲ ಒಣಗಿಯೇ ಇರಬೇಕು. ಬಕೀಟು ನೀರು ಸುರುವಿ ಕಸಬರಿಗೆಯಿಂದ ತಿಕ್ಕಿ ತೊಳೆಯುವ ಕೈಗಳಿಗೆ ಇದು ಶಿಕ್ಷೆ. ಒಮ್ಮೆ ಸುರುವಿದರೆ ಆ ನೀರು ಟೈಲ್ಸ್ ಸಂದಿಯಿಂದ, ಪೈಪಿನ ಬುಡದಿಂದ ಇಳಿದು ಕೆಳಗಿನ ಮನೆಯ ಛತ್ತಿನಲ್ಲಿ ಹಳದಿ ಕಲೆಯಾಗಿ ಕಾಣಿಸುತ್ತದೆ. ಕಾಣುವುದಕ್ಕೆ ವಾರಗಳೇ ಬೇಕು, ಅಷ್ಟರೊಳಗೆ ಹಳೆಯ ಕಟ್ಟಡದ ಮರದ ತೊಲೆ ನೀರು ಕುಡಿದಿರುತ್ತದೆ. ಇಂಥ ಹಾನಿ ತುಂಬಿಕೊಡಲು ವೈಯಕ್ತಿಕ ಹೊಣೆಗಾರಿಕೆಯ ವಿಮೆ ಅಂತೊಂದಿದೆ. ಕಡ್ಡಾಯವಲ್ಲ, ವರ್ಷಕ್ಕೆ ದೊಡ್ಡ ಮೊತ್ತವೂ ಅಲ್ಲ. ಮನೆ ಹೊಕ್ಕ ವಾರವೇ ಮಾಡಿಸಿಕೊಳ್ಳುವುದು ಜಾಣತನ. ಬಾಡಿಗೆ ಮನೆಗೆ ಆದ ಹಾನಿಯೂ ಅದರಲ್ಲಿ ಸೇರಿದೆಯೇ ಎಂದು ನೋಡಿಯೇ ಸಹಿ ಮಾಡಬೇಕು.

ಬಕೀಟು ಸ್ನಾನ ಬೇಕೇ ಬೇಕೆನ್ನುವವರು ಟಬ್ಬಿನೊಳಗೆ ಬಕೀಟು ಇಟ್ಟು, ಅದರ ಪಕ್ಕ ಪ್ಲಾಸ್ಟಿಕ್ ಮಣೆ ಹಾಕಿಕೊಂಡು ಕೂತೇ ಮಾಡಬೇಕು. ಟಬ್ಬಿನ ತಳ ಜಾರುತ್ತದೆ, ರಬ್ಬರು ಹಾಸಿಲ್ಲದೆ ಹಿರಿಯರನ್ನು ಒಳಗೆ ಬಿಡಬಾರದು. ಪರದೆಯ ಅಂಚು ಟಬ್ಬಿನ ಒಳಗಿರಬೇಕು, ಹೊರಗಲ್ಲ. ಟಬ್ಬು ಗೋಡೆಗೆ ತಾಗುವ ಕಡೆಯ ಸಿಲಿಕಾನ್ ಅಂಚನ್ನು ಆಗಾಗ ನೋಡಬೇಕು. ಅದು ಬಿಟ್ಟಿತೆಂದರೆ ಸೋರಿಕೆ ಶುರು. ಹೊಸದು ಹಾಕಿಸುವಾಗ ಟಬ್ಬನ್ನು ನೀರಿನಿಂದ ತುಂಬಿಯೇ ಹಾಕಬೇಕು, ಭಾರಕ್ಕೆ ಟಬ್ಬು ತುಸು ಕೆಳಗೆ ಕೂತಾಗಿನ ಸಂದಿಗೆ ಸಿಲಿಕಾನ್ ಹಿಡಿಯಬೇಕಲ್ಲ. ಖಾಲಿ ಟಬ್ಬಿಗೆ ಹಾಕಿದ್ದು ಮೊದಲ ಸ್ನಾನಕ್ಕೇ ಹರಿಯುತ್ತದೆ. ಒಂದು ದಿನ ಪೂರ್ತಿ ಒಣಗಲು ಬಿಟ್ಟ ಮೇಲೆ ನೀರು ಬಿಡುವುದು. ಇದು ಮನೆ ಮಾಲೀಕನ ಕೆಲಸ, ಆದರೂ ಅವನ ಕಡೆಯವರು ಬಂದಾಗ ಹೇಳಲು ಗೊತ್ತಿರಬೇಕು.

ದೀಪಾವಳಿಯ ಎಣ್ಣೆಸ್ನಾನಕ್ಕೆ ಕಡಲೆಹಿಟ್ಟು ಹಚ್ಚುವವರು ಟಬ್ಬಿನ ತೂತಿಗೆ ಸಣ್ಣ ಜಾಳಿಗೆ ಹಾಕಿಯೇ ಕೂಡಬೇಕು. ಎಣ್ಣೆ, ಹಿಟ್ಟು, ಕೂದಲು, ಅಲ್ಲಿನ ಗಡಸು ನೀರಲ್ಲಿ ಸಾಬೂನು ಕಟ್ಟುವ ಕೆನೆ, ನಾಲ್ಕೂ ಕೂಡಿದರೆ ಕೆಳಗಿನ ಬಾಗು ಪೈಪು ಗಟ್ಟಿಯಾಗಿ ಬಿಡುತ್ತದೆ.

ಸಂಡಾಸದಲ್ಲಿ ಕಾಗದ ಮಾತ್ರ. ಇದಕ್ಕೆ ನಮ್ಮವರು ಹುಡುಕಿಕೊಂಡ ಸರಳ ಉಪಾಯವೆಂದರೆ ಗಿಡಕ್ಕೆ ನೀರು ಹಾಕುವ ಸಣ್ಣ ಪ್ಲಾಸ್ಟಿಕ್ ಝಾರಿ. ತುರ್ಕರು, ಅರಬರು ಕೂಡ ಅದನ್ನೇ ಇಟ್ಟಿರುತ್ತಾರೆ. ಕೈಪಿಚಕಾರಿ, ಅಂದರೆ ಹೆಲ್ತ್ ಫಾಸೆಟ್ ಹಾಕಿಸುವ ಆಸೆಯುಳ್ಳವರು ಊರಿಂದ ಪೈಪು ಕವಲೊಡೆಸುವ ಮೂರು ಬಾಯಿಯ ಟೀ, ಪೈಪು ಎಲ್ಲ ಪೆಟ್ಟಿಗೆಯಲ್ಲಿ ಹೊತ್ತು ತರುತ್ತಾರೆ. ನಮ್ಮ ಟೀ ಅರ್ಧ ಇಂಚಿನದು, ಅಲ್ಲಿ ಫ್ಲಶ್ಶಿನ ನೀರಿನ ತೊಟ್ಟಿಗೆ, ಅಂದರೆ ಸಿಸ್ಟರ್ನಿಗೆ ಹೋಗುವ ಆ್ಯಂಗಲ್ ಕಾಕಿನ ಬಾಯಿ ಸಾಮಾನ್ಯವಾಗಿ 3/8 ಇಂಚು. ಕೂಡುವುದಿಲ್ಲ. ಎರಡು ಬಾಯಿ 3/8, ಒಂದು ಬಾಯಿ 1/2 ಇರುವ ಟೀ ಅಲ್ಲಿನ ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತದೆ, ನಮ್ಮ ಪಿಚಕಾರಿಯ ಪೈಪು ಅದರ 1/2ಕ್ಕೆ ಸರಿಯಾಗಿ ಕೂಡುತ್ತದೆ. ಕಾಕ್ ಬಂದ್ ಮಾಡಿ, ಫ್ಲಶ್ ಒತ್ತಿ ಸಿಸ್ಟರ್ನ್ ಖಾಲಿ ಮಾಡಿ, ಕೆಳಗೆ ಬೋಗುಣಿ ಇಟ್ಟು, ಟೀ ಕೂಡಿಸಿ, ವಾಸರ್ ಇದೆಯೇ ನೋಡಿ, ನಿಧಾನ ತೆರೆಯಬೇಕು. ಒಣ ಕಾಗದ ಸುತ್ತಿ ಹತ್ತು ನಿಮಿಷ ಬಿಟ್ಟರೆ ಸೋರಿಕೆ ಗೊತ್ತಾಗುತ್ತದೆ. ವರ್ಷಗಟ್ಟಲೆ ತಿರುಗಿಸದ ಕಾಕು ತಿರುಗಿಸಿದ ಕೂಡಲೇ ಹಿಡಿಕೆಯ ಬುಡದಲ್ಲಿ ಹನಿಯುವುದುಂಟು. ಅಲ್ಲಿರುವ ಸಣ್ಣ ನಟ್ಟನ್ನು ಕಾಲು ಸುತ್ತು ಬಿಗಿದರೆ ನಿಲ್ಲುತ್ತದೆ. ಸಿಸ್ಟರ್ನ್ ಗೋಡೆಯೊಳಗೇ ಹೂತಿದ್ದರೆ ಕಾಕು ಕೈಗೆ ಸಿಗುವುದಿಲ್ಲ, ಬೇಸಿನ್ನಿನ ಕೆಳಗಿನ ತಣ್ಣೀರಿನ ಕಾಕಿನಿಂದಲೇ ತೆಗೆದುಕೊಳ್ಳಬೇಕು. ಹೊಲಸು ನೀರು ಕುಡಿಯುವ ಪೈಪಿಗೆ ತಿರುಗಿ ಹೋಗದಂತೆ ತಡೆಯುವ ಸಾಧನ ಇಲ್ಲದೆ ಇಂಥದ್ದನ್ನು ಕೂಡಿಸುವುದು ಅಲ್ಲಿನ ನಿಯಮಕ್ಕೆ ವಿರುದ್ಧ. ಎಲ್ಲಕ್ಕಿಂತ ಮುಖ್ಯ, ಪ್ರತಿ ಸಲ ಬಳಸಿದ ಮೇಲೆ ಕಾಕ್ ಬಂದ್ ಮಾಡುವುದು. ಪಿಚಕಾರಿಯ ಗುಂಡಿ ಬಿಟ್ಟರೆ ನೀರು ನಿಂತಂತೆ ಕಾಣುತ್ತದೆ, ಒಳಗಿನ ಒತ್ತಡ ಹಾಗೇ ಇರುತ್ತದೆ, ಯಾರೂ ಇಲ್ಲದ ಹೊತ್ತಲ್ಲಿ ಪೈಪು ಸೀಳಿದರೆ ಮನೆಯೇ ಕೆರೆ. ವಿಜಯಪುರದಲ್ಲಿ ಸೀಳಿದರೆ ಸಿಂಟೆಕ್ಸ್ ಖಾಲಿಯಾಗಿ ತಾನೇ ನಿಲ್ಲುತ್ತಿತ್ತು.

ಅಡುಗೆಮನೆಯಲ್ಲಿ ನಮ್ಮ ಹೆಣ್ಣುಮಕ್ಕಳು ಗೆಲ್ಲುತ್ತಾರೆ. ಮ್ಯೂನಿಕ್‌ನ ನೀರು ಗಡಸು, ಜರ್ಮನ್ ಲೆಕ್ಕದಲ್ಲಿ 14 ಡಿಗ್ರಿಗಿಂತ ಮೇಲಿನ ವರ್ಗ. ಬೆಂಗಳೂರಿನವರು ಕೆಟಲಿನ ತಳದ ಬಿಳಿ ಹಕ್ಕಳೆ ಕಂಡು ಗಾಬರಿಯಾದರೆ ನಮ್ಮವರಿಗೆ ಅದು ನಮ್ಮ ಬೋರಿನ ಸವಳು ನೀರಿನ ಹಳೇ ಪರಿಚಯ. ತೊಗರಿಬೇಳೆ ಬೇಗ ಕುದಿಯುವುದಿಲ್ಲವೆಂದು ಅವರಿಗೆ ಹೇಳಿಕೊಡಬೇಕಿಲ್ಲ. ಎರಡು ತಾಸು ನೆನೆಸುತ್ತಾರೆ, ಹುಣಸೆಹುಳಿ, ಟೊಮೆಟೊ ಬೇಳೆ ಕರಗಿದ ಮೇಲೆಯೇ ಹಾಕುತ್ತಾರೆ. ಹಕ್ಕಳೆ ತೆಗೆಯಲು ನಿಂಬೆಹುಳಿಯ ಪುಡಿ ಬಳಸಬಹುದು, ಆದರೆ ತಣ್ಣೀರಿನಲ್ಲೇ ಕರಗಿಸಿ ತಾಸುಗಟ್ಟಲೆ ಬಿಡಬೇಕು. ಕುದಿಸಿದರೆ ಕ್ಯಾಲ್ಸಿಯಂ ಸಿಟ್ರೇಟ್ ಆಗಿ ಇನ್ನೂ ಗಟ್ಟಿ ಅಂಟುತ್ತದೆ, ಆಮೇಲೆ ಸುಲಭಕ್ಕೆ ಜಗ್ಗುವುದಿಲ್ಲ. ಭಾಂಡೆ ತೊಳೆಯುವ ಮಷೀನಿಗೆ ಅದರದ್ದೇ ಉಪ್ಪು ಹಾಕಿ, ನೀರಿನ ಗಡಸುತನದ ಅಂಕಿಯನ್ನು ಒಮ್ಮೆ ಹೊಂದಿಸಿಟ್ಟರೆ ಸಾಕು. ಅಲ್ಯುಮಿನಿಯಂ ಕುಕ್ಕರನ್ನು ಮಾತ್ರ ಅದರಲ್ಲಿ ಇಡಬಾರದು, ಮಸಿ ಬಳಿದಂತೆ ಕಪ್ಪಾಗಿ ಹೊರಬರುತ್ತದೆ. ಹಿತ್ತಾಳೆಯದೂ ಹೊಳಪು ಕಳೆದುಕೊಳ್ಳುತ್ತದೆ.

ಈಗ ಲೆಕ್ಕದ ಮಾತು, ನನ್ನ ತಕರಾರು ಇರುವುದೂ ಇದರಲ್ಲೇ. ಅಲ್ಲಿನ ಬಹಳಷ್ಟು ಮನೆಗಳಲ್ಲಿ ತಣ್ಣೀರಿಗೊಂದು, ಬಿಸಿನೀರಿಗೊಂದು ಮೀಟರು. ಆರು ವರ್ಷಕ್ಕೊಮ್ಮೆ ಬದಲಿಸಲೇಬೇಕು, ಹಳತಾದ ಮೀಟರಿನ ಲೆಕ್ಕ ನಡೆಯುವುದಿಲ್ಲ. ಒಳಗೆ ಬಂದ ನೀರಿಗೆ ಒಂದು ದರ, ಅಷ್ಟೇ ನೀರು ಗಟಾರಿಗೆ ಹೋಯಿತೆಂದು ಇನ್ನೊಂದು ದರ, ಬಿಸಿ ಮಾಡಿದ್ದಕ್ಕೆ ಮೂರನೆಯದು. ಬಾಡಿಗೆಯ ಜೊತೆ ತಿಂಗಳು ತಿಂಗಳು ಮುಂಗಡ ಕೊಡುತ್ತ ಹೋಗುವುದು, ವರ್ಷ ಮುಗಿದು 12 ತಿಂಗಳೊಳಗೆ ಮಾಲೀಕ ಪೂರ್ತಿ ಲೆಕ್ಕ ಕೊಡಬೇಕು. ಹೊಸಬರಿಗೆ ಆ ಲಕೋಟೆ ಬಂದ ದಿನ ಮನೆಯಲ್ಲಿ ಮೌನ. ಇಡೀ ಚಳಿಗಾಲ ಮಕ್ಕಳು ಟಬ್ಬು ತುಂಬಿ ಆಡಿದ್ದು ಅದರಲ್ಲಿ ಬರೆದಿರುತ್ತದೆ.

ಲೆಕ್ಕ ಕಷ್ಟದ್ದೇನಲ್ಲ. ಒಂದು ಲೀಟರು ನೀರನ್ನು ಒಂದು ಡಿಗ್ರಿ ಏರಿಸಲು 1.163 ವ್ಯಾಟ್-ಅವರ್, ಸಾವಿರ ವ್ಯಾಟ್-ಅವರ್ ಸೇರಿದರೆ ಒಂದು ಯೂನಿಟ್ಟು. ಚಳಿಗಾಲದಲ್ಲಿ 10 ಡಿಗ್ರಿಯಲ್ಲಿ ಬರುವ ನೀರನ್ನು 40ಕ್ಕೆ ಏರಿಸಬೇಕೆಂದರೆ 150 ಲೀಟರಿನ ಟಬ್ಬಿಗೆ 5 ಯೂನಿಟ್ಟಿಗಿಂತ ತುಸು ಹೆಚ್ಚು. ನಿಮಿಷಕ್ಕೆ 12 ಲೀಟರು ಸುರಿಯುವ ಶವರಿನ ಕೆಳಗೆ ಹತ್ತು ನಿಮಿಷ ನಿಂತರೆ 4 ಯೂನಿಟ್ಟು ದಾಟುತ್ತದೆ. ಇಪ್ಪತ್ತು ಲೀಟರಿನ ಎರಡು ಬಕೀಟಿಗೆ ಒಂದೂವರೆ ಯೂನಿಟ್ಟೂ ಆಗುವುದಿಲ್ಲ. ನಮ್ಮ ಅಜ್ಜಿಯರ ಚರಿಗಿ ಸ್ನಾನವೇ ಅಲ್ಲಿ ಅಗ್ಗದ್ದು! ಪೈಪಿಗೆ ಹಚ್ಚುವ ನೀರುಳಿಸುವ ಶವರಿನ ಬಾಯಿ ಇದೇ ಕಾರಣಕ್ಕೆ ಅಲ್ಲಿ ಮಾರಾಟವಾಗುತ್ತದೆ, ನಿಮಿಷಕ್ಕೆ ಆರೇಳು ಲೀಟರಿಗೆ ಇಳಿಸುತ್ತದೆ.

ಹೀಗಾಗಿ ಇಪ್ಪತ್ನಾಲ್ಕು ತಾಸು ನೀರಿರುವ ಜರ್ಮನಿಯಲ್ಲಿ ಒಬ್ಬೊಬ್ಬರು ಮನೆಯಲ್ಲಿ ದಿನಕ್ಕೆ ಬಳಸುವುದು ಸುಮಾರು 125 ಲೀಟರು. ನಮ್ಮ ದೇಶದಲ್ಲಿ ಒಳಚರಂಡಿ ಇರುವ ಊರಿಗೆ ತಲಾ 135 ಲೀಟರು ಕೊಡಬೇಕೆಂಬುದು ಸರಕಾರಿ ಮಾನದಂಡ. ಅಂದರೆ ಅವರು ಬಳಸುವುದಕ್ಕಿಂತ ಹೆಚ್ಚನ್ನು ಕೊಡುವ ಯೋಜನೆ ನಮ್ಮದು, ಆದರೂ ನಮ್ಮ ಓಣಿಯಲ್ಲಿ ನೀರಿಲ್ಲ.

ಎಲ್ಲಿ ಹೋಗುತ್ತದೆ? ನಮ್ಮ ಯಾವ ಓಣಿಯಲ್ಲಾದರೂ ನಳ ಬಿಡುವ ದಿನ ನಿಂತು ನೋಡಿ. 'ನೀರ ಬಂದಾವು' ಎಂದು ಕೂಗು ಎದ್ದ ಕೂಡಲೇ ಮೊದಲ ಹತ್ತು ನಿಮಿಷದ ನೀರು ಗಟಾರಕ್ಕೆ, ಯಾಕೆಂದರೆ ಅದು ಹೊಲಸು ಬರುತ್ತದೆ. ಆಮೇಲೆ ನಾಲ್ಕು ದಿನದ ಹಿಂದೆ ತುಂಬಿದ್ದ ಬ್ಯಾರಲ್ಲಿನ ನೀರು ಅಂಗಳಕ್ಕೆ, ಯಾಕೆಂದರೆ ಅದು ಹಳೆಯದು. ಸಂಪು ತುಂಬಿ ಉಕ್ಕಿದರೂ ಯಾರಿಗೂ ಅವಸರವಿಲ್ಲ, ಮುಂದಿನ ಪಾಳಿ ಯಾವಾಗಲೋ. ಬೈಕು ತೊಳೆದದ್ದಾಯಿತು, ಎದುರಿನ ರಸ್ತೆಗೆ ಸಿಂಪಡಿಸಿದ್ದಾಯಿತು. ಇತ್ತ ಓಣಿಯ ಕೊನೆಯ ಮನೆಗೆ ಹನಿಯೂ ಮುಟ್ಟಿಲ್ಲ, ನಡುವಿನ ಹತ್ತು ಮನೆಯವರು ಪೈಪಿಗೇ ಮೋಟರು ಹಚ್ಚಿ ಎಳೆದುಕೊಂಡಿದ್ದಾರೆ. ಮೋಟರು ಎಳೆಯುವುದು ಪಕ್ಕದವನ ಪಾಲನ್ನಷ್ಟೇ ಅಲ್ಲ. ನೀರು ನಿಂತಾಗ ಪೈಪಿನೊಳಗೆ ಒತ್ತಡ ಇರುವುದಿಲ್ಲ, ಸಡಿಲ ಜೋಡಣೆಯಿಂದ ಗಟಾರದ ನೀರು ಒಳಗೆ ಸೇರುತ್ತದೆ. ಮೋಟರು ಜಗ್ಗಿದರೆ ಅದನ್ನು ಇನ್ನಷ್ಟು ಹೀರಿಕೊಳ್ಳುತ್ತದೆ. ಮೊದಲ ನೀರು ಹೊಲಸಾಗುವುದು ಹೀಗೆ, ಆ ಹೊಲಸಿಗೆ ಹೆದರಿ ನೀರು ಚೆಲ್ಲುವವರೂ ನಾವೇ. ಪೈಪು ಸದಾ ತುಂಬಿದ್ದರೆ ಒಳಗಿನ ನೀರು ಹೊರಗೆ ಸೋರೀತೇ ಹೊರತು ಹೊರಗಿನದು ಒಳಗೆ ಬರಲಾರದು. ಮೀಟರಿಲ್ಲದ ತಿಂಗಳ ಗುತ್ತ ದರದಲ್ಲಿ ಒಂದು ಕೊಡ ಚೆಲ್ಲಿದವನಿಗೂ ನೂರು ಕೊಡ ಚೆಲ್ಲಿದವನಿಗೂ ಬಿಲ್ಲು ಒಂದೇ.

ಬರಗಾಲದ ಊರಿನವರಾದ ನಾವು ನೀರನ್ನು ಉಳಿಸುವುದು ಬಲ್ಲೆವು ಎಂದು ಹೇಳಿಕೊಳ್ಳುತ್ತೇವೆ. ನನಗೆ ಹಾಗೆ ಅನ್ನಿಸುವುದಿಲ್ಲ. ನಾವು ತುಂಬಿಡುವುದು ಬಲ್ಲೆವು. ಎರಡೂ ಬೇರೆ.

ಇದನ್ನು ಹೇಳಿದರೆ ಊರಲ್ಲಿ ಬರುವ ಉತ್ತರ ಗೊತ್ತೇ ಇದೆ: 'ಅದು ಜರ್ಮನಿ, ಇದು ಬಿಜಾಪುರ.' ಬಿಜಾಪುರವೇ ಒಂದು ಕಾಲಕ್ಕೆ ಇದನ್ನು ಮಾಡಿ ತೋರಿಸಿತ್ತಲ್ಲ. ಊರ ದಕ್ಷಿಣಕ್ಕೆ ಮಹಮ್ಮದ್ ಆದಿಲ್‌ಶಾಹ 1651ರಲ್ಲಿ ಬೇಗಂ ತಲಾಬ್ ಕಟ್ಟಿಸಿದ. ಅಲ್ಲಿಂದ ಊರಿಗೆ ಮಣ್ಣಿನ ಪೈಪು, ಸುತ್ತಲೂ ಗಾರೆಯ ಕವಚ. ದಾರಿಯಲ್ಲಿ ಅಲ್ಲಲ್ಲಿ ಗಂಜ್ ಎಂಬ ನೀರಿನ ಗೋಪುರಗಳು, 25ರಿಂದ 40 ಅಡಿ ಎತ್ತರದವು. ಒತ್ತಡ ಹೆಚ್ಚಿ ಪೈಪು ಒಡೆಯದಂತೆ ಕಾಯುವುದು ಅವುಗಳ ಕೆಲಸ, ಕೆಸರು ತಳದಲ್ಲಿ ಕೂತು ತಿಳಿನೀರು ಮುಂದೆ ಹೋಗುವುದು ಎರಡನೆಯ ಲಾಭ. ತೊರವಿಯ ಕಡೆಯಿಂದ ನೆಲದೊಳಗಿನ ಸುರಂಗದಲ್ಲೂ ನೀರು ಬರುತ್ತಿತ್ತು. ಅದೂ ಇಳಿಜಾರಿನ ನೀರೇ, ಮೋಟರಿನದಲ್ಲ. ಮ್ಯೂನಿಕ್‌ಗೆ ಮಾಂಗ್‌ಫಾಲ್ ನೀರು ಬರುವುದಕ್ಕೆ ಎರಡು ಶತಮಾನಕ್ಕೂ ಹಿಂದಿನ ಮಾತು. ಆಗ ಮ್ಯೂನಿಕ್‌ನವರು ಬಾವಿ ನೀರು ಕುಡಿಯುತ್ತಿದ್ದರು, ಹತ್ತೊಂಬತ್ತನೇ ಶತಮಾನದಲ್ಲಿ ಕಾಲರಾದಿಂದ ಸತ್ತರು. ಅವರಿಗೆ ಬೆಟ್ಟದ ನೀರು ತರಿಸಲು ಹಟ ಹಿಡಿದವರಲ್ಲಿ ಮುಖ್ಯನಾದ ಮಾಕ್ಸ್ ಫಾನ್ ಪೆಟ್ಟೆನ್‌ಕೋಫರ್, ಕಾಲರಾ ಬರೀ ಕ್ರಿಮಿಯಿಂದ ಬರುವುದಿಲ್ಲವೆಂದು ಸಾಧಿಸಲು 1892ರಲ್ಲಿ ಕ್ರಿಮಿಯಿದ್ದ ದ್ರವವನ್ನೇ ಕುಡಿದ ಮನುಷ್ಯ. ಸಿದ್ಧಾಂತ ತಪ್ಪು, ತರಿಸಿದ ನೀರು ಸರಿ. ನಮ್ಮಲ್ಲಿ ಸಿದ್ಧಾಂತಗಳೆಲ್ಲ ಸರಿಯಾಗಿಯೇ ಇರುತ್ತವೆ.

ತೀರ ಹಿಂದಕ್ಕೆ ಹೋಗುವುದೂ ಬೇಡ. ಬೆಳಗಾವಿಯ ಕೆಲವು ವಾರ್ಡುಗಳಲ್ಲಿ 2008ರಿಂದ ಇಪ್ಪತ್ನಾಲ್ಕು ತಾಸು ನೀರು ಬರುತ್ತಿದೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿಯ ಕೆಲವು ಭಾಗಗಳ ಜೊತೆಗೇ ವಿಶ್ವಬ್ಯಾಂಕಿನ ಸಾಲದಲ್ಲಿ ಆದ ಪ್ರಯೋಗ. ಹೊಸ ಪೈಪು, ಮನೆಮನೆಗೆ ಮೀಟರು. ಆ ವಾರ್ಡಿನಿಂದ ಬಂದ ಕುಟುಂಬಗಳು ಮ್ಯೂನಿಕ್‌ನಲ್ಲಿ ಬಕೀಟು ತುಂಬಿಡುವುದಿಲ್ಲ, ಇದು ಯಾರ ಅಧ್ಯಯನವೂ ಅಲ್ಲ, ಕಣ್ಣಾರೆ ಕಾಣುವ ಸಂಗತಿ. ಪಕ್ಕದ ವಾರ್ಡಿನಿಂದ ಬಂದವರು ತುಂಬಿಡುತ್ತಾರೆ. ಅದೇ ರಕ್ಕಸಕೊಪ್ಪ ಜಲಾಶಯದ ನೀರು, ಅದೇ ಹಿಡಕಲ್ ಜಲಾಶಯದ ನೀರು. ಇನ್ನು ಬಾಗಲಕೋಟೆಯವರಂತೂ ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರನ್ನೇ ಬಿಟ್ಟುಕೊಟ್ಟು ನವನಗರಕ್ಕೆ ಹೋದವರು. ಅವರ ಮುಂದೆ ನೀರಿನ ಅಭಾವದ ಮಾತಾಡಲು ಯಾವ ಇಂಜಿನಿಯರಿಗಾದರೂ ಬಾಯಿ ಬರಬಾರದು.

ಒಪ್ಪಬೇಕಾದದ್ದನ್ನು ಒಪ್ಪಲೇಬೇಕು, ಮನಸ್ಸಿಲ್ಲದಿದ್ದರೂ. ಮ್ಯೂನಿಕ್‌ನಲ್ಲಿ ವರ್ಷಕ್ಕೆ ಸುಮಾರು 950 ಮಿಲಿಮೀಟರು ಮಳೆ, ಹನ್ನೆರಡೂ ತಿಂಗಳು ಹಂಚಿಕೊಂಡು. ವಿಜಯಪುರದಲ್ಲಿ 600ರ ಆಸುಪಾಸು, ಅದೂ ಜೂನಿನಿಂದ ಅಕ್ಟೋಬರಿನೊಳಗೆ, ಕೆಲ ವರ್ಷ ಅದೂ ಇಲ್ಲ. ಅವರಿಗೆ ಆಲ್ಪ್ಸ್ ಇದೆ, ನಮಗೆ ಇರುವುದು ಕೃಷ್ಣೆಯಿಂದ ಮೇಲಕ್ಕೆ ಎತ್ತಿ ತರಬೇಕಾದ ನೀರು, ವಿದ್ಯುತ್ತು ಹೋದರೆ ಅದೂ ನಿಂತಿತು. ನೀರಿನ ಜಲಾನಯನದ ರೈತರು ರಾಸಾಯನಿಕ ಗೊಬ್ಬರ ಬಿಟ್ಟು ಸಾವಯವಕ್ಕೆ ಬರಲೆಂದು ಮ್ಯೂನಿಕ್ 1992ರಿಂದ ಅವರಿಗೆ ಹಣ ಕೊಡುತ್ತಿದೆ. ಅಷ್ಟು ಹಣ ನಮ್ಮ ಯಾವ ನಗರಸಭೆಯ ಬಳಿ ಇದೆ?

ಒಣ ಮನೆಯ ಸುಖವೂ ಅಷ್ಟಕ್ಕಷ್ಟೇ. ಬಿಸಿಲಿಲ್ಲದ ಆ ಊರಲ್ಲಿ ಅರಿವೆ ಒಳಗೇ ಒಣಗಬೇಕು. ಒಂದು ಮಷೀನು ಅರಿವೆ ಒಂದೂವರೆಯಿಂದ ಎರಡು ಲೀಟರು ನೀರನ್ನು ಗಾಳಿಗೆ ಬಿಡುತ್ತದೆ, ಮೇಲೆ ನಮ್ಮ ಕುಕ್ಕರಿನ ಹಬೆ. ಅದು ಹೋಗಿ ಹೊರಗೋಡೆಯ ತಣ್ಣನೆ ಮೂಲೆಯಲ್ಲಿ, ಕಪಾಟಿನ ಬೆನ್ನಿಗೆ ಕೂತು ಕಪ್ಪು ಬೂಸ್ಟು ಹಿಡಿಯುತ್ತದೆ. ಚಳಿಗಾಲದಲ್ಲೂ ದಿನಕ್ಕೆ ಮೂರು ನಾಲ್ಕು ಸಲ ಕಿಟಕಿಗಳನ್ನು ಪೂರ್ತಿ ತೆರೆದು ಐದರಿಂದ ಹತ್ತು ನಿಮಿಷ ಗಾಳಿ ಆಡಿಸಬೇಕು, ಕಿಟಕಿಯನ್ನು ತುಸುವೇ ಓರೆ ಮಾಡಿ ದಿನವಿಡೀ ಬಿಟ್ಟರೆ ಗೋಡೆ ತಣ್ಣಗಾಗಿ ಬೂಸ್ಟು ಹೆಚ್ಚೇ ಆಗುತ್ತದೆ. ಕಪಾಟು ಗೋಡೆಯಿಂದ ನಾಲ್ಕು ಬೆರಳು ದೂರ ಇರಲಿ, ತೇವಾಂಶ ಶೇ. 60 ದಾಟದಿರಲಿ. ಬೂಸ್ಟು ಬಂದರೆ ತಪ್ಪು ಕಟ್ಟಡದ್ದೋ ನಿಮ್ಮದೋ ಎಂಬ ಜಗಳ ವಕೀಲರ ತನಕ ಹೋಗುವುದುಂಟು. ವಿಜಯಪುರದ ಮಾಳಿಗೆಯ ಮೇಲೆ ಹಾಕಿದ ಧೋತರ ಅರ್ಧ ತಾಸಿನಲ್ಲಿ ಹಪ್ಪಳದಂತಾಗುವ ಭಾಗ್ಯಕ್ಕೆ ಬಿಲ್ಲು ಕೊಟ್ಟವರಿಲ್ಲ.

ಬೇಸಿಗೆಯಲ್ಲಿ ನಮ್ಮ ಬಸ್ ಸ್ಟ್ಯಾಂಡಿನ ಹೊರಗೆ ಹಸಿ ಅರಿವೆ ಸುತ್ತಿದ ಗಡಿಗೆಗಳ ಅರವಟ್ಟಿಗೆ ಇಡುತ್ತಾರೆ. ಮೂರು ದಿನಕ್ಕೊಮ್ಮೆ ನೀರು ಬರುವ ಮನೆಯವರೇ ಅದಕ್ಕೂ ನಾಲ್ಕು ಕೊಡ ತಂದು ಸುರಿಯುತ್ತಾರೆ. ಬೋರು ಇದ್ದ ಮನೆಯ ಪೈಪು ಕಂಪೌಂಡ್ ದಾಟಿ ಪಕ್ಕದ ಮನೆಗೆ ಹೋಗುತ್ತದೆ, ಕರೆಂಟ್ ಬಿಲ್ಲಿನ ಮಾತು ಯಾರೂ ಎತ್ತುವುದಿಲ್ಲ. ಮ್ಯೂನಿಕ್‌ನ ನೆಲಮಾಳಿಗೆಯಲ್ಲಿ ಪ್ರತಿ ಮನೆಯ ಅರಿವೆ ಮಷೀನಿಗೂ ಬೇರೆ ಬೇರೆ ಪ್ಲಗ್ಗು, ಒಬ್ಬರದ್ದರಲ್ಲಿ ಇನ್ನೊಬ್ಬರು ಚುಚ್ಚಿದರೆ ಬಾಗಿಲಿಗೆ ಚೀಟಿ ಬರುತ್ತದೆ.

ಇನ್ನು ಭಾನುವಾರ ಸಂಜೆ ಪೈಪು ಒಡೆದರೆ ಆ ಊರಿನ ಅಚ್ಚುಕಟ್ಟು ಏನೂ ಕೆಲಸಕ್ಕೆ ಬರುವುದಿಲ್ಲ. ಮೀಟರಿನ ಹಿಂದಿನ ವಾಲ್ವು ಬಂದ್ ಮಾಡಬೇಕು, ಅದು ಎಲ್ಲಿದೆ ಎಂದು ಮನೆ ಹೊಕ್ಕ ದಿನವೇ ನೋಡಿಟ್ಟಿರಬೇಕು. ಕಟ್ಟಡ ನೋಡಿಕೊಳ್ಳುವ ಹೌಸ್‌ಮೈಸ್ಟರಿಗೆ, ಅವನು ಸಿಗದಿದ್ದರೆ ಮಾಲೀಕ ಕೊಟ್ಟ ತುರ್ತು ನಂಬರಿಗೆ ಫೋನು ಮಾಡಬೇಕು. ಇಂಟರ್‌ನೆಟ್ಟಿನಲ್ಲಿ ಮೊದಲು ಕಂಡ ತುರ್ತು ಪ್ಲಂಬರನ್ನು ಕರೆಯಬಾರದು. ಎಷ್ಟಾಗುತ್ತದೆಂದು ಬರೆಸಿಕೊಳ್ಳದೆ ಕರೆದವರು ಅರ್ಧ ತಾಸಿನ ಕೆಲಸಕ್ಕೆ ನೂರಾರು ಯೂರೋ ಎಣಿಸಿದ್ದುಂಟು. ಸಾಮಾನ್ಯ ಕೆಲಸಕ್ಕಾದರೆ ವಾರಗಟ್ಟಲೆ ಕಾಯುವುದು. ನಮ್ಮೂರ ಪ್ಲಂಬರು ಅಮಾಸಿ ದಿನವೂ ಹೆಗಲಿಗೆ ಚೀಲ ಹಾಕಿಕೊಂಡು ಬರುತ್ತಾನೆ, ಚಹಾ ಕುಡಿಯುತ್ತಾನೆ, 'ಆಮ್ಯಾಲೆ ಕೊಡ್ರಿ' ಅನ್ನುತ್ತಾನೆ, ಓಣಿಯ ಯಾವ ಪೈಪು ಯಾವ ಗಿಡದ ಬೇರಿನ ಕೆಳಗಿದೆ ಎಂದು ನಕಾಶೆಯಿಲ್ಲದೆ ಬಲ್ಲ. ಆತ ಕಟ್ಟಿದ ಜೋಡಣೆ ಆರು ತಿಂಗಳಿಗೆ ಮತ್ತೆ ಸೋರುತ್ತದೆ, ನಿಜ. ಆದರೂ ಭಾನುವಾರ ಬರುತ್ತಾನೆ.